ಪೈಸೆ ಮುಟ್ಟಿತ್ತು, ಬಿತ್ತು ಮುಟ್ಟಿದ್ದಿಲ್ಲೆ

ಮೊನ್ನೆ ನೆರೆಕರೆಯ ಒಂದು ಕೂಸು ಬಂದು ಮೋರೆ ಸಣ್ಣ ಮಾಡಿ ಕೂದತ್ತು. ಫೋನಿಲ್ಲಿ ಸೀರೆಯ ಪಟ ನೋಡಿ, ಮಾರುವವಕ್ಕೆ ಫೋನಿಲ್ಲೇ ಪೈಸೆ ಹಾಕಿದ್ದಡ. ತಿಂಗಳಾತು, ಸೀರೆ ಬಯಿಂದಿಲ್ಲೆ. "ಪೈಸೆ ಹೋದ್ದಕ್ಕೆ ಮೆಸೇಜು ಇದ್ದು ಅತ್ತೆ, ಸೀರೆಗೆ ಕೊಟ್ಟದು ಹೇಳಿ ಎಲ್ಲಿಯೂ ಇಲ್ಲೆ" ಹೇಳಿತ್ತು. ಎನಗೆ ಅಬ್ಬೆಯ ಮನಿ ಆರ್ಡರು ನೆಂಪಾತು.

ಈಗಾಣ ಮಕ್ಕೊಗೆ ಮನಿ ಆರ್ಡರು ಹೇಳಿರೆ ಎಂತ ಹೇಳಿ ಗೊಂತಿರ. ಅದಕ್ಕೆ ರಜಾ ಹಿಂದಾಣ ಕಥೆ ಹೇಳ್ತೆ.

ಮದಲು ದೂರದ ಊರಿಂಗೆ ಪೈಸೆ ಕಳುಸೆಕ್ಕಾದರೆ ಸಾಹುಕಾರಂಗೊ ಹುಂಡಿ ಬರಕ್ಕೊಂಡು ಇತ್ತಿದ್ದವು. ಬಡವಂಗೆ ಅದು ಎಟ್ಟುವ ಸಂಗತಿ ಅಲ್ಲ. ಕಾಗದದ ನೋಟು ಬಂದ ಮತ್ತೆ ಜೆನಂಗೊ ಒಂದು ಉಪಾಯ ಮಾಡಿದವು. ನೋಟಿನ ಎರಡು ತುಂಡು ಮಾಡುದು, ಒಂದು ತುಂಡಿನ ಟಪ್ಪಾಲಿಲ್ಲಿ ಕಳುಸುದು. ಅದು ಮುಟ್ಟಿತ್ತು ಹೇಳಿ ಕಾಗದ ಬಂದರೆ ಮತ್ತೆ ಇನ್ನೊಂದು ತುಂಡು. ದಾರಿಲಿ ಆರಾದರೂ ಕದ್ದರೂ ಅರ್ಧ ನೋಟು ಎಂತಕೂ ಉಪಕಾರ ಇಲ್ಲೆನ್ನೆ!

ಸರ್ಕಾರದ ಖಜಾನೆಗಳಲ್ಲಿ ಮನಿ ಆರ್ಡರು ಮಾಡುವ ಕ್ರಮ ಮದಲೇ ಇತ್ತು. ಆದರೆ ಖಜಾನೆ ಇಪ್ಪದು ದೊಡ್ಡ ಊರಿಲ್ಲಿ ಮಾಂತ್ರ. 1880ರ ಜನವರಿ 1ರಿಂದ ಆ ಕೆಲಸ ಅಂಚೆ ಇಲಾಖೆಯ ಕೈಗೆ ಬಂತು. ಅಂಚೆಯವ ಮನೆ ಬಾಗಿಲಿಂಗೇ ಪೈಸೆ ತಂದು ಎಣಿಸಿ ಕೊಡ್ಲೆ ಸುರು ಮಾಡಿದ. ಇಂಗ್ಲೆಂಡಿಲ್ಲಿ 1792ರಲ್ಲಿ ಇದು ಸುರು ಆದ್ದೇ ಸೈನಿಕರೂ ನಾವಿಕರೂ ಮನಗೆ ಪೈಸೆ ಕಳುಸುಲೆ ಬೇಕಾಗಿ. ನಮ್ಮ ಊರಿಂದ ಬೊಂಬಾಯಿಯ ಹೋಟ್ಲುಗೊಕ್ಕೆ ಹೋದ ಮಾಣಿಯಂಗಳೂ ಅಬ್ಬೆ ಅಪ್ಪಂಗೆ ಕಳುಸಿದ್ದು ಇದರಲ್ಲೇ. ಅಬ್ಬೆಗೂ ಮಗಂಗೂ ಎಡೆಲಿ 'ಇದು ಎಂತಕೆ' ಹೇಳಿ ಆರೂ ಕೇಳುಲೆ ಇಲ್ಲೆ. ಅಲ್ಲಿಗೆ ಇದು ಬಂಗಾರದ ಹಾಂಗಿಪ್ಪ ಏರ್ಪಾಡು.

ವ್ಯಾಪಾರಿಗೆ ಕಳುಸುವಗಳೇ ಎಡವಟ್ಟು ಅಪ್ಪದು.

1983ನೇ ಇಸವಿ, ಆನು ಎಂಟನೇ ಕ್ಲಾಸು. ಅಬ್ಬೆ ಒಂದು ಪತ್ರಿಕೆಲಿ ದೂರದ ಊರಿನ ಬಿತ್ತಿನ ಡೀಲರಿನ ಜಾಹೀರಾತು ನೋಡಿತ್ತು. ಬೆಂಡೆ, ಬದನೆ, ಹೀರೆ, ಎಲ್ಲ ಹೊಸ ಜಾತಿ. ತುಪ್ಪ ಮಾರಿ ಒಟ್ಟು ಮಾಡಿದ 40 ರೂಪಾಯಿ ಅದರ ಸಾಸಮೆ ಡಬ್ಬಿಲಿ ಇತ್ತು. ಅಪ್ಪನತ್ರೆ ಕೇಳದ್ದೆ, ತನ್ನ ಪೈಸೆಲಿ ತಾನೇ ತರ್ಸುದು ಹೇಳಿ ಅದಕ್ಕೆ ಭಾರೀ ಉಮೇದು. ಪತ್ತನಾಜೆಂದ ಮದಲೇ ಬಿತ್ತು ಕೈಗೆ ಬಕ್ಕು ಹೇಳಿ ಲೆಕ್ಕ ಹಾಕಿ, ಪೋಸ್ಟಾಫೀಸಿಂಗೆ ಎನ್ನನ್ನೂ ಕರಕ್ಕೊಂಡು ಹೋತು. ಫಾರ್ಮು ತುಂಬುಸಿದ್ದು ಆನೇ. ಬೇಕಾದ ಬಿತ್ತಿನ ಪಟ್ಟಿಯ ಬೇರೆ ಕಾರ್ಡಿಲ್ಲಿ ಬರದು ಹಾಕಿದೆಯೊ.

ಹದಿನೈದು ದಿನಲ್ಲಿ ಡೀಲರು ದಸ್ಕತ್ತು ಹಾಕಿದ ಚೀಟಿ ವಾಪಾಸು ಬಂತು. ಅಬ್ಬೆ ಅದರ ಎಲ್ಲೋರಿಂಗೂ ತೋರ್ಸಿತ್ತು. ಬಿತ್ತು ಮಾಂತ್ರ ಇಲ್ಲೆ. ಪತ್ತನಾಜೆ ಕಳುತ್ತು, ಮಳೆ ಹಿಡುತ್ತು. ಕಾಗದ ಬರದಪ್ಪಗ ಉತ್ತರ ಬಂತು: ಪೈಸೆ ಬಯಿಂದು, ಎಂತಕೆ ಹೇಳಿ ಗೊಂತಿಲ್ಲೆ, ಪಟ್ಟಿಯ ಕಾರ್ಡು ಸಿಕ್ಕಿದ್ದಿಲ್ಲೆ, ಇನ್ನೊಂದರಿ ಬರೆಯಿ. ಬರದೆಯೊ. ಬಿತ್ತು ಬಪ್ಪಗ ಆಟಿ ತಿಂಗಳು. ಜಡಿಮಳೆಗೆ ಹಾಕಿದ್ದೆಲ್ಲ ಮಣ್ಣಿಲ್ಲೇ ಕೊಳದತ್ತು.

ಡೀಲರು ಮೋಸ ಮಾಡಿದ ಹೇಳುಲೆ ಎಡಿಯ. ಆ ಏರ್ಪಾಡೇ ಹಾಂಗೆ. ಫಾರ್ಮಿನ ಕರೇಲಿ ಕೂಪನು ಹೇಳಿ ಒಂದು ಸಣ್ಣ ತುಂಡು ಇಕ್ಕು, ಎಂತ ಬರೆತ್ತರೂ ಅದರಲ್ಲೇ. ಆನು ಅದರಲ್ಲಿ 'ಕ್ಷೇಮ' ಹೇಳಿ ಬರದ್ದು! ಸಿಕ್ಕುವ ರಶೀದಿ ಪೈಸೆ ಕೊಟ್ಟದಕ್ಕೆ ಸಾಕ್ಷಿ, ಸಾಮಾನು ಕೇಳಿದ್ದಕ್ಕೆ ಅಲ್ಲ. ದಸ್ಕತ್ತು ಬಿದ್ದ ಮತ್ತೆ ಅಂಚೆಯವರ ಕೆಲಸ ಮುಗುದತ್ತು. ಪೈಸೆ ಅವರ ಕೈಲಿ, ಕಾವದು ನಮ್ಮ ಪಾಲಿಂಗೆ. ಮೇಲಂದ ಕಮಿಶನು. ಕಡೇಣ ಕಾಲಲ್ಲಿ 20 ರೂಪಾಯಿಗೆ 1 ರೂಪಾಯಿ ಇತ್ತು, 21 ಆದರೆ 2 ರೂಪಾಯಿ.

ವೀಪೀಪಿ ಹೇಳಿ ಇನ್ನೊಂದು ದಾರಿ 1877ರಿಂದಲೇ ಇತ್ತು. ಕಟ್ಟ ಬಂದ ಮೇಲೆ ಅಂಚೆಯವಂಗೆ ಪೈಸೆ ಕೊಡುದು. ಆದರೆ ಪೈಸೆ ಕೊಡದ್ದೆ ಬಿಡುಸಿ ನೋಡುಲೆ ಇಲ್ಲೆ. ಒಳ ಎಂತ ಇದ್ದು ಹೇಳಿ ದೇವರಿಂಗೇ ಗೊಂತು. ಆದರೂ ಕಟ್ಟ ಬಾಗಿಲಿಂಗೆ ಎತ್ತುವನ್ನಾರ ಪೈಸೆ ನಮ್ಮ ಕೈಲೇ ಇರ್ತನ್ನೆ. ಅಬ್ಬೆಗೆ ಅದರ ಆರೂ ಹೇಳಿಕೊಟ್ಟಿದವಿಲ್ಲೆ.

40 ರೂಪಾಯಿಯ ಬೇಜಾರು ಅಬ್ಬೆಗೆ ಒಂದು ಮಳೆಗಾಲಲ್ಲಿ ಹೋತು. ಆದರೆ ಮತ್ತೆಂದೂ ಅದು ತನ್ನ ಪೈಸೆಲಿ ದೂರಂದ ಎಂತದೂ ತರ್ಸಿದ್ದಿಲ್ಲೆ. ಎಂತ ಬೇಕಾದರೂ "ಅಪ್ಪನತ್ರೆ ಹೇಳು" ಹೇಳುಗು. ಎನಗೆ ಈಗಳೂ ಕುತ್ತುದು ಅದೇ ಮಾತು.

2015ರಲ್ಲಿ ಹಳೆ ಕಾಗದದ ಮನಿ ಆರ್ಡರು ನಿಂದತ್ತು, ಕಂಪ್ಯೂಟರಿಲ್ಲಿ ಕಳುಸುವ ಕ್ರಮ ಒಳುದತ್ತು. ಈಗ ಫೋನಿಲ್ಲಿ ಗಳಿಗೆಲಿ ಪೈಸೆ ಹೋವುತ್ತು. ಹೋದ ಪೈಸೆಗೆ ಸಾಕ್ಷಿ ಇದ್ದು, ಕೇಳಿದ ಸಾಮಾನಿಂಗೆ ಇಲ್ಲೆ ಹೇಳುವ ಗುಣ ಮಾಂತ್ರ ಬದಲಾಯಿದಿಲ್ಲೆ.

ಆ ಕೂಸಿಂಗೆ ಆನು ಹೇಳಿದ್ದು ಇಷ್ಟೇ: ಯೇವ ಸೀರೆ, ಎಷ್ಟು ಕ್ರಯ, ಏವಗ ಕಳುಸುದು, ಇದರ ಮದಲು ಬರದು ಕೇಳಿ, ಅವು ಅಕ್ಕು ಹೇಳಿದ್ದರ ತೆಗದು ಮಡುಗು. ಹೊಸಬರಾದರೆ ಸಾಮಾನು ಬಂದ ಮತ್ತೆ ಪೈಸೆ ಕೊಡು. ಅಕ್ಕು ಹೇಳಿತ್ತು. ಮತ್ತೆ ಒಂದು ಮಾತು ಸೇರ್ಸಿದೆ: ಒಂದರಿ ಹೋತು ಹೇಳಿ ತರ್ಸುದರನ್ನೇ ಬಿಡೆಡ. ನಿನ್ನ ಪೈಸೆ, ನೀನೇ ತರ್ಸು.