ಹತ್ತು ದಿನಗಳ ಒಪ್ಪಂದದಿಂದ ತರಬೇತುದಾರನ ಕುರ್ಚಿಗೆ: ಕೆವಿನ್ ಓಲಿ ವೃತ್ತಿಜೀವನದ ಒಂದು ಅಧ್ಯಯನ

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಕುರಿತ ಬರಹಗಳಲ್ಲಿ ಸಿಂಹಪಾಲು ತಾರೆಯರದ್ದು. ತಂಡದಿಂದ ತಂಡಕ್ಕೆ ಅಲೆದು, ಬೆಂಚಿನ ತುದಿಯಲ್ಲಿ ಕೂತೇ ವೃತ್ತಿ ಮುಗಿಸಿದವರ ಪಾಲಿಗೆ ಉಳಿಯುವುದು ಅಂಕಿಅಂಶಗಳ ಒಂದು ಸಾಲು ಮಾತ್ರ. ಅಂಥವರಲ್ಲೊಬ್ಬರು ಮುಂದೆ ತರಬೇತುದಾರರಾಗಿ ಗೆದ್ದರೆ, ‘ಬೆಂಚಿನಲ್ಲಿ ಕೂತು ನೋಡಿ ಕಲಿತರು’ ಎಂಬ ಸಿದ್ಧ ವಿವರಣೆ ಬರುತ್ತದೆ. ಬೆಂಚಿನಲ್ಲಿ ಕೂತವರು ಲೆಕ್ಕವಿಲ್ಲದಷ್ಟು. ತರಬೇತುದಾರರಾಗಿ ಗೆದ್ದವರು ಬೆರಳೆಣಿಕೆಯಷ್ಟು. ಹಾಗಾಗಿ ಈ ವಿವರಣೆ ಏನನ್ನೂ ವಿವರಿಸುವುದಿಲ್ಲ. ಅಲೆಮಾರಿ ಆಟಗಾರನಿಗೆ ತರಬೇತಿಯ ವಿದ್ಯೆ ದಕ್ಕುವುದು ಬಿಡುವಿನಿಂದಲ್ಲ, ಕೆಲಸದ ಅಭದ್ರತೆಯಿಂದ ಎಂಬುದು ಈ ಲೇಖನದ ವಾದ. ಆ ವಿದ್ಯೆಗೆ ಮಿತಿಯೂ ಇದೆ ಎಂಬುದಕ್ಕೂ ಕೆವಿನ್ ಓಲಿ ಅವರ ಬದುಕೇ ಆಧಾರ.

ಓಲಿ ಹುಟ್ಟಿದ್ದು 1972ರಲ್ಲಿ, ಡಲ್ಲಾಸ್‌ನಲ್ಲಿ. ಆಟ ಕಲಿತದ್ದು ಲಾಸ್ ಏಂಜಲಿಸ್‌ನ ಕ್ರೆನ್‌ಶಾ ಹೈಸ್ಕೂಲಿನಲ್ಲಿ. 1991ರಿಂದ 1995ರವರೆಗೆ ಕನೆಕ್ಟಿಕಟ್ ವಿಶ್ವವಿದ್ಯಾಲಯದಲ್ಲಿ ಜಿಮ್ ಕ್ಯಾಲ್‌ಹೂನ್ ಅವರ ಕೈಕೆಳಗೆ ಪಾಯಿಂಟ್ ಗಾರ್ಡ್ ಆಗಿ ಆಡಿದರು. ಡಾನ್ಯೆಲ್ ಮಾರ್ಷಲ್, ರೇ ಆ್ಯಲನ್ ಇದ್ದ ತಂಡದಲ್ಲಿ ಅವರ ಕೆಲಸ ಚೆಂಡನ್ನು ಸರಿಯಾದ ಕೈಗೆ ತಲುಪಿಸುವುದು, ಎದುರಾಳಿ ಗಾರ್ಡನ್ನು ಕಾಡುವುದು. ಅಮೆರಿಕದ ಪ್ರಮುಖ ವೃತ್ತಿಪರ ಲೀಗ್ ಎನ್‌ಬಿಎಯ ತಂಡಗಳು ಹೊಸಬರನ್ನು ಆರಿಸಿಕೊಳ್ಳುವ 1995ರ ಡ್ರಾಫ್ಟ್‌ನಲ್ಲಿ 58 ಹೆಸರುಗಳನ್ನು ಕರೆಯಲಾಯಿತು, ಅವರದು ಇರಲಿಲ್ಲ. ಎರಡು ವರ್ಷ ಸಿಬಿಎ ಎಂಬ ಕಿರಿಯ ಲೀಗ್‌ನ ಕನೆಕ್ಟಿಕಟ್ ಪ್ರೈಡ್ ತಂಡದಲ್ಲಿ ಆಡಿ, 1997ರಲ್ಲಿ ಎನ್‌ಬಿಎ ಪ್ರವೇಶಿಸಿದರು.

ಇಲ್ಲಿ ಹತ್ತು ದಿನಗಳ ಒಪ್ಪಂದದ ಸ್ವರೂಪವನ್ನು ತುಸು ನಿಂತು ನೋಡಬೇಕು. ಜನವರಿ ಮೊದಲ ವಾರದಿಂದ ಎನ್‌ಬಿಎ ತಂಡವೊಂದು ಆಟಗಾರನನ್ನು ಹತ್ತು ದಿನಗಳ ಮಟ್ಟಿಗೆ ನೇಮಿಸಿಕೊಳ್ಳಬಹುದು. ಒಂದೇ ಋತುವಿನಲ್ಲಿ ಒಬ್ಬನಿಗೆ ಒಂದು ತಂಡದಿಂದ ಇಂಥ ಒಪ್ಪಂದ ಎರಡೇ ಸಲ. ಆಮೇಲೆ ಋತು ಮುಗಿಯುವ ತನಕ ಇಟ್ಟುಕೊಳ್ಳಬೇಕು, ಇಲ್ಲವೇ ಕಳಿಸಬೇಕು. ಬಂದವನಿಗೆ ಅಭ್ಯಾಸಕ್ಕೆ ಸಿಗುವ ದಿನಗಳು ಅತ್ಯಲ್ಪ. ಪಾಯಿಂಟ್ ಗಾರ್ಡ್ ಆದರೋ ತನ್ನ ಜಾಗವೊಂದನ್ನೇ ತಿಳಿದರೆ ಸಾಲದು. ಪ್ರತಿ ಪ್ಲೇಯಲ್ಲೂ ಉಳಿದ ನಾಲ್ವರು ಎಲ್ಲಿ ನಿಲ್ಲಬೇಕೆಂದು ಅವನೇ ಹೇಳಬೇಕು. ತಂಡದ ಇಡೀ ವ್ಯವಸ್ಥೆಯನ್ನು ಒಂದೆರಡು ರಾತ್ರಿಗಳಲ್ಲಿ ಓದಿಕೊಳ್ಳಲಾಗದವನು ಹನ್ನೊಂದನೆಯ ದಿನ ಮನೆಯಲ್ಲಿರುತ್ತಾನೆ. ಓಲಿ ಇಂಥ ಒಪ್ಪಂದಗಳ ಮೇಲೆಯೇ ಕಾಲೂರಿದರು.

ಅವರು 13 ಋತುಗಳನ್ನು ಆಡಿದರು. ತಂಡಗಳು ಎಷ್ಟು ಎಂಬಲ್ಲಿ ಬರಹಗಾರರು 11 ಎಂದೂ 12 ಎಂದೂ ಹೇಳುವುದುಂಟು. ಸಿಯಾಟಲ್ ತಂಡವೇ 2008ರಲ್ಲಿ ಒಕ್ಲಹೋಮ ಸಿಟಿಗೆ ಸ್ಥಳಾಂತರವಾದದ್ದು ಈ ವ್ಯತ್ಯಾಸಕ್ಕೆ ಕಾರಣ. ಪಂದ್ಯವೊಂದಕ್ಕೆ ಅವರ ಸರಾಸರಿ ಗಳಿಕೆ ನಾಲ್ಕು ಅಂಕವನ್ನೂ ಮುಟ್ಟಲಿಲ್ಲ. ಆದರೆ ಅವರು ಯಾರ ಯಾರ ಬಳಿ ಕೆಲಸ ಮಾಡಿದರು ನೋಡಿ: ಒರ್ಲ್ಯಾಂಡೊದಲ್ಲಿ ಚಕ್ ಡೇಲಿ, ಫಿಲಡೆಲ್ಫಿಯಾದಲ್ಲಿ ಲ್ಯಾರಿ ಬ್ರೌನ್, ಮಿಲ್ವಾಕಿಯಲ್ಲಿ ಜಾರ್ಜ್ ಕಾರ್ಲ್, ಕ್ಲೀವ್‌ಲ್ಯಾಂಡ್‌ನಲ್ಲಿ ಪಾಲ್ ಸೈಲಸ್. 2001ರಲ್ಲಿ ಫೈನಲ್ ತಲುಪಿದ ಫಿಲಡೆಲ್ಫಿಯಾ ತಂಡದಲ್ಲಿ ಅವರಿದ್ದರು. ಲೆಬ್ರಾನ್ ಜೇಮ್ಸ್ ಅವರ ಮೊದಲ ಋತುವಿನಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿದ್ದರು. ಒಂದೇ ತಂಡದಲ್ಲಿ ನೆಲೆ ನಿಂತ ತಾರೆಗೆ ಇಷ್ಟು ಗುರುಗಳು ಸಿಗುವುದು ಅಪರೂಪ.

ಕೊನೆಯ ಋತು, 2009–10, ಒಕ್ಲಹೋಮ ಸಿಟಿಯಲ್ಲಿ. ಹಿಂದಿನ ವರ್ಷ 23 ಪಂದ್ಯ ಗೆದ್ದಿದ್ದ ತಂಡ ಆ ವರ್ಷ 50 ಗೆದ್ದಿತು. ತಂಡದ ಶಿಸ್ತು ಬದಲಾದದ್ದು ಓಲಿ ಅವರಿಂದ ಎಂದು ಕೆವಿನ್ ಡ್ಯುರಾಂಟ್ ಮುಂದೆ ಸಂದರ್ಶನವೊಂದರಲ್ಲಿ ಹೇಳಿದರು. ಡ್ಯುರಾಂಟ್ ಮತ್ತು ರಸೆಲ್ ವೆಸ್ಟ್‌ಬ್ರೂಕ್ ಪಕ್ವವಾಗುತ್ತಿದ್ದ ವರ್ಷವೂ ಅದೇ ಆದ್ದರಿಂದ, ಈ ಮಾತನ್ನು ಅಕ್ಷರಶಃ ಒಪ್ಪಬೇಕಿಲ್ಲ. 37ರ ವಯಸ್ಸಿನ, ಹೆಚ್ಚು ಆಡದ ಆಟಗಾರನೊಬ್ಬನನ್ನು ತಂಡದ ತಾರೆಯೇ ಗುರುವಿನ ಸ್ಥಾನದಲ್ಲಿಟ್ಟು ನೆನೆದರು ಎಂಬುದಷ್ಟೇ ನಮಗೆ ಮುಖ್ಯ.

2010ರಲ್ಲಿ ಓಲಿ ಸಹಾಯಕ ತರಬೇತುದಾರರಾಗಿ ಕನೆಕ್ಟಿಕಟ್‌ಗೆ ಮರಳಿದರು. 2012ರ ಸೆಪ್ಟೆಂಬರ್‌ನಲ್ಲಿ ಕ್ಯಾಲ್‌ಹೂನ್ ನಿವೃತ್ತರಾದಾಗ ಮುಖ್ಯ ಹುದ್ದೆ ಸಿಕ್ಕಿತು, ಮೊದಲಿಗೆ ಒಂದು ಋತುವಿನ ಮಟ್ಟಿಗೆ ಮಾತ್ರ. ವಿದ್ಯಾರ್ಥಿಗಳ ಓದಿನ ಪ್ರಗತಿ ಸಾಲದೆಂಬ ಕಾರಣಕ್ಕೆ ತಂಡಕ್ಕೆ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎಯ 2013ರ ಟೂರ್ನಿಯಲ್ಲಿ ಪ್ರವೇಶವಿರಲಿಲ್ಲ. ಮರುವರ್ಷ ಏಳನೆಯ ಶ್ರೇಯಾಂಕದಿಂದ ಹೊರಟ ತಂಡ 2014ರ ಏಪ್ರಿಲ್ 7ರಂದು ಕೆಂಟಕಿಯನ್ನು 60–54ರಿಂದ ಸೋಲಿಸಿ ಪ್ರಶಸ್ತಿ ಗೆದ್ದಿತು. ಆ ಶ್ರೇಯಾಂಕದ ತಂಡ ಅದಕ್ಕೆ ಹಿಂದೆ ಗೆದ್ದದ್ದೇ ಇಲ್ಲ.

ಆ ರಾತ್ರಿಯ ಲೆಕ್ಕದಲ್ಲಿ ಒಂದು ಅಂಶ ಗಮನಾರ್ಹ. ಕನೆಕ್ಟಿಕಟ್ ಹತ್ತು ಫ್ರೀ ಥ್ರೋಗಳಲ್ಲಿ ಹತ್ತನ್ನೂ ಹಾಕಿತು; ಕೆಂಟಕಿ 24ರಲ್ಲಿ 11 ತಪ್ಪಿತು. ಅಂತರ ಆರೇ ಅಂಕ. ಕೆಂಟಕಿ ಕಣಕ್ಕಿಳಿಸಿದ ಮೊದಲ ಐವರೂ ಪ್ರಥಮ ವರ್ಷದ ಪ್ರತಿಭಾವಂತರು. ಓಲಿ ಅವರ ನೆಚ್ಚಿಕೆ ಅಂತಿಮ ವರ್ಷದ ಗಾರ್ಡ್ ಶಬಾಜ್ ನೇಪಿಯರ್ ಮೇಲಿತ್ತು. ಚೆಂಡನ್ನು ಕಳೆಯದಿರುವುದು, ಪುಕ್ಕಟೆ ಅಂಕ ಬಿಡದಿರುವುದು, ಎದುರಾಳಿ ಗಾರ್ಡನ್ನು ಬಿಡದೆ ಕಾಡುವುದು: ಹತ್ತು ದಿನಗಳ ಒಪ್ಪಂದದವನ ಹೊಟ್ಟೆಪಾಡಿನ ಪಾಠಗಳಿವು.

ಆದರೆ ಕಾಲೇಜು ತರಬೇತುದಾರನ ಕೆಲಸದಲ್ಲಿ ಪಂದ್ಯ ನಡೆಸುವುದು ಒಂದು ಭಾಗವಷ್ಟೇ. ಪ್ರತಿ ವರ್ಷ ಹೈಸ್ಕೂಲು ಹುಡುಗರನ್ನು ಒಲಿಸಿ ತರಬೇಕು, ತಂದವರನ್ನು ಉಳಿಸಿಕೊಳ್ಳಬೇಕು, ನಿಯಮಾವಳಿಯ ಗೆರೆ ದಾಟಬಾರದು. ಇದ್ದ ತಂಡದೊಳಗೆ ತಾನು ಹೊಂದಿಕೊಳ್ಳುವುದನ್ನು ಅಲೆಮಾರಿ ಆಟಗಾರ ಚೆನ್ನಾಗಿ ಬಲ್ಲ. ತಂಡವನ್ನೇ ಕಟ್ಟುವ ಪ್ರಸಂಗ ಅವನಿಗೆ ಬಂದಿರುವುದಿಲ್ಲ. ನೇಪಿಯರ್ ಪೀಳಿಗೆ ಹೊರಟ ಮೇಲೆ ಕನೆಕ್ಟಿಕಟ್ ಇಳಿಮುಖವಾಯಿತು. ಕೊನೆಯ ಎರಡು ಋತುಗಳಲ್ಲಿ ಗೆಲುವಿಗಿಂತ ಸೋಲೇ ಹೆಚ್ಚು. 2018ರ ಮಾರ್ಚ್‌ನಲ್ಲಿ ನಿಯಮ ಉಲ್ಲಂಘನೆಯ ಕಾರಣ ನೀಡಿ ವಿಶ್ವವಿದ್ಯಾಲಯ ಅವರನ್ನು ತೆಗೆಯಿತು. 2019ರಲ್ಲಿ ಎನ್‌ಸಿಎಎ ಅವರ ಮೇಲೆ ಮೂರು ವರ್ಷಗಳ ನಿರ್ಬಂಧ ಹೇರಿತು. 2022ರ ಜನವರಿಯಲ್ಲಿ ಮಧ್ಯಸ್ಥಗಾರರು ವಜಾ ಸರಿಯಲ್ಲವೆಂದು ತೀರ್ಮಾನಿಸಿ, 1.1 ಕೋಟಿ ಡಾಲರ್‌ಗೂ ಹೆಚ್ಚು ಮೊತ್ತ ಕೊಡುವಂತೆ ಆದೇಶಿಸಿದರು. ವಜಾ ಅನ್ಯಾಯವಾಗಿದ್ದರೂ ತಂಡ ಕುಸಿದದ್ದು ಸುಳ್ಳಲ್ಲ. ಇವೆರಡನ್ನೂ ಬೆರೆಸದೆ ನೋಡಬೇಕು.

2023ರಲ್ಲಿ ಅವರು ಎನ್‌ಬಿಎಗೆ ಮರಳಿ ಬ್ರೂಕ್ಲಿನ್ ನೆಟ್ಸ್‌ನ ಸಹಾಯಕ ತರಬೇತುದಾರರಾದರು. 2024ರ ಫೆಬ್ರುವರಿಯಲ್ಲಿ ಮುಖ್ಯ ತರಬೇತುದಾರ ಜಾಕ್ ವಾನ್ ಅವರನ್ನು ತೆಗೆದಾಗ ಹಂಗಾಮಿಯಾಗಿ ಆ ಹುದ್ದೆ ಓಲಿ ಅವರಿಗೆ ಬಂತು. ಉಳಿದ 28 ಪಂದ್ಯಗಳಲ್ಲಿ ತಂಡ 11 ಗೆದ್ದಿತು. ಏಪ್ರಿಲ್‌ನಲ್ಲಿ ನೆಟ್ಸ್ ಆ ಹುದ್ದೆಗೆ ಜೋರ್ಡಿ ಫರ್ನಾಂಡಿಸ್ ಅವರನ್ನು ಆರಿಸಿತು.