ಒರೆಗೆ ಹಚ್ಚಿದ ಲೆಕ್ಕದ ಪುಸ್ತಕ

ಮಕ್ಕಳ ಲೆಕ್ಕದ ಪುಸ್ತಕವನ್ನು ಬರೆಯತಕ್ಕವರು ಯಾರು? ಗಣಿತವನ್ನು ಬಲ್ಲ ಪಂಡಿತರೋ, ಮಕ್ಕಳನ್ನು ಬಲ್ಲ ಉಪಾಧ್ಯಾಯರೋ? ಇಬ್ಬರೂ ಕೂಡಿಯೇ ಬರೆಯಬೇಕೆಂದು ಅಮೆರಿಕದಲ್ಲಿ ನಡೆದ ಪ್ರಯತ್ನವೊಂದನ್ನು ವಾಚಕರು ಗಮನಿಸಬೇಕು.

1957ರ ಅಕ್ಟೋಬರಿನಲ್ಲಿ ರಷ್ಯದ ಸ್ಪುಟ್ನಿಕ್ ಆಕಾಶಕ್ಕೇರಿತು. ತಮ್ಮ ಶಾಲೆಗಳ ಗಣಿತ ಹಿಂದೆ ಬಿದ್ದಿದೆಯೆಂಬ ಕಳವಳ ಅಮೆರಿಕನ್ನರಲ್ಲಿ ಹೆಚ್ಚಿತು. ಮರುವರ್ಷವೇ ಯೇಲ್ ವಿಶ್ವವಿದ್ಯಾನಿಲಯದ ಎಡ್ವರ್ಡ್ ಬೆಗಲ್ ಅವರ ಮುಂದಾಳುತನದಲ್ಲಿ ‘ಸ್ಕೂಲ್ ಮ್ಯಾಥಮ್ಯಾಟಿಕ್ಸ್ ಸ್ಟಡಿ ಗ್ರೂಪ್’ ಹುಟ್ಟಿತು. ಬೇಸಗೆಯ ರಜೆಯಲ್ಲಿ ಪ್ರಾಧ್ಯಾಪಕರೂ ಶಾಲೆಯ ಉಪಾಧ್ಯಾಯರೂ ಸರಿಸಮನಾಗಿ ಕುಳಿತು ಪಾಠಗಳನ್ನು ಬರೆದರು. 1959–60ರಲ್ಲಿ ಅವುಗಳನ್ನು ಹಲವು ರಾಜ್ಯಗಳ ತರಗತಿಗಳಲ್ಲಿ ಕಲಿಸಿ ನೋಡಿದರು. ಉಪಾಧ್ಯಾಯರ ಅನುಭವವನ್ನು ಕೇಳಿ, 1960ರ ಬೇಸಗೆಯಲ್ಲಿ ಮತ್ತೆ ತಿದ್ದಿದರು.

ಇಷ್ಟು ಎಚ್ಚರದಿಂದ ಸಿದ್ಧವಾದ ಪುಸ್ತಕಗಳಿಗೂ ವಿರೋಧ ತಪ್ಪಲಿಲ್ಲ. ಕಾರಣವೇನು? ಮೊದಲು ಕಲಿಸಿ ನೋಡಿದ ಉಪಾಧ್ಯಾಯರ ಬೆನ್ನಿಗೆ ಗಣಿತಜ್ಞರ ನೆರವಿತ್ತು. ‘ಹೊಸ ಗಣಿತ’ ನಾಡಿನಲ್ಲೆಲ್ಲ ಹಬ್ಬಿದಾಗ ಎಷ್ಟೋ ಉಪಾಧ್ಯಾಯರಿಗೆ ಸಾಕಷ್ಟು ತರಬೇತಿಯೇ ದೊರೆಯಲಿಲ್ಲ. ಗಣಗಳ ಪರಿಭಾಷೆ, ಹತ್ತರ ಬದಲು ಐದರ ಗುಂಪುಗಳಲ್ಲಿ ಎಣಿಸುವ ಕ್ರಮ, ಇವುಗಳನ್ನು ಕಂಡು ಮನೆಯಲ್ಲಿ ಲೆಕ್ಕ ಹೇಳಿಕೊಡುವ ತಂದೆತಾಯಿಗಳೂ ಕಂಗಾಲಾದರು. 1972ರಲ್ಲಿ ಆ ಗುಂಪಿನ ಕೆಲಸ ಮುಗಿಯಿತು. ಮರುವರ್ಷ ಗಣಿತಜ್ಞ ಮಾರಿಸ್ ಕ್ಲೈನ್ ಹೊಸ ಗಣಿತವನ್ನು ಕಟುವಾಗಿ ಟೀಕಿಸಿ ಪುಸ್ತಕವನ್ನೇ ಬರೆದರು.

ಬರೆದದ್ದನ್ನು ತರಗತಿಯಲ್ಲಿ ಒರೆಗೆ ಹಚ್ಚಿ ತಿದ್ದುವ ಕ್ರಮ ಮಾತ್ರ ಒಳ್ಳೆಯದೇ. ಆದರೆ ಪುಸ್ತಕವನ್ನು ಸಿದ್ಧಪಡಿಸಿದರೆ ಸಾಲದು, ಕಲಿಸುವವರನ್ನೂ ಸಿದ್ಧಪಡಿಸಬೇಕು. ನಿಮ್ಮ ಮಗು ನಾಳೆ ಹೊಸ ಬಗೆಯ ಲೆಕ್ಕವನ್ನು ಮನೆಗೆ ತಂದರೆ, ಅದನ್ನು ಹಳಿಯುವ ಮುನ್ನ, ಅದರ ಉಪಾಧ್ಯಾಯರಿಗೆ ತಕ್ಕ ನೆರವು ದೊರೆತಿದೆಯೇ ಎಂದು ವಿಚಾರಿಸಿ ನೋಡಿ.