ಪಾರು ಮಾಡುವ ಶಿಕ್ಷೆ

ಕನ್ನಡದಲ್ಲಿ ‘ಪಾರು’ ಒಳ್ಳೆಯ ಮಾತು. ಕಷ್ಟದಿಂದ ಪಾರಾದೆ ಅನ್ನುತ್ತೇವೆ, ಹೇಗಾದರೂ ಪಾರುಮಾಡಪ್ಪಾ ಎಂದು ದೇವರಿಗೆ ಹರಕೆ ಹೊರುತ್ತೇವೆ. ಅದೇ ಪದದ ಮುಂದೆ ‘ಗಡಿ’ ಬಂದು ಕೂತಿತೋ, ಪೊಲೀಸ್ ಠಾಣೆಯ ವಾಸನೆ ಹತ್ತುತ್ತದೆ. ಗಡಿಪಾರಿನಲ್ಲಿ ದಾಟಿಸುವವನು ಅಂಬಿಗನಲ್ಲ, ಅಧಿಕಾರಿ. ದಾಟುವವನು ದಾಟಿಸೆಂದು ಕೇಳಿಕೊಂಡವನೂ ಅಲ್ಲ. ಮರಾಠಿಯವರು ಇದನ್ನೇ ‘ತಡೀಪಾರ’ ಅನ್ನುತ್ತಾರೆ; ನಮ್ಮ ಕಡಲತಡಿಯ ತಡಿಯೇ ಅದು. 1862ರಿಂದ 1956ರ ತನಕ ಮುಂಬಯಿಯ ಆಡಳಿತದಲ್ಲಿದ್ದ ಕಾರವಾರ, ಅಂಕೋಲೆಯವರ ಕಿವಿಗೆ ಎರಡೂ ಹೊಸದಲ್ಲ.

ಇವತ್ತು ಪತ್ರಿಕೆಯಲ್ಲಿ ಈ ಪದ ಕಂಡರೆ ಹಿಂದೆಯೋ ಮುಂದೆಯೋ ಒಬ್ಬ ರೌಡಿ ಶೀಟರ್ ಇದ್ದೇ ಇರುತ್ತಾನೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 55ನೇ ಕಲಮಿನ ತರ್ಕವೂ ಅದೇ: ಈತನ ಭಯಕ್ಕೆ ಸಾಕ್ಷಿ ಹೇಳಲು ಯಾರೂ ಮುಂದೆ ಬರುತ್ತಿಲ್ಲ, ಆದ್ದರಿಂದ ಎರಡು ವರ್ಷ ಮೀರದಂತೆ ಜಿಲ್ಲೆಯ ಹೊರಗಿರಲಿ. ಆದರೆ ಈ ಕರಾವಳಿಯಲ್ಲಿ ಗಡಿಪಾರಾದವರ ಪೈಕಿ ಜನ ಈಗಲೂ ನೆನೆಯುವ ಹೆಸರು ರೌಡಿಯದಲ್ಲ, ಕವಿಯದು. ಗೇಣಿ ರೈತರನ್ನು ಕಟ್ಟಿ ನಿಲ್ಲಿಸಿದ್ದಕ್ಕೆ 1940ರಲ್ಲಿ ಬ್ರಿಟಿಷ್ ಸರಕಾರ ಅಂಕೋಲೆಯ ದಿನಕರ ದೇಸಾಯಿಯವರನ್ನು ಉತ್ತರ ಕನ್ನಡ ಜಿಲ್ಲೆಯಿಂದ ಹೊರಹಾಕಿತು. ಅವರು ಹೆದರಿಸಿದ್ದು ಸಾಕ್ಷಿಗಳನ್ನಲ್ಲ, ಒಡೆಯರನ್ನು. ಅದುವರೆಗೆ ಬಾಯಿ ಬಿಡದಿದ್ದವರ ಬಾಯಿ ಬಿಡಿಸಿದ್ದೇ ಅವರ ತಪ್ಪು. ಮುಂದೆ ಅವರು ‘ಜನಸೇವಕ’ ವಾರಪತ್ರಿಕೆ ನಡೆಸಿದರು, ನಾಲ್ಕು ಸಾಲಿನ ಚುಟುಕಗಳಲ್ಲಿ ಯಾರನ್ನೂ ಬಿಡದೆ ಚಿವುಟಿದರು, 1967ರಲ್ಲಿ ಇದೇ ಜಿಲ್ಲೆಯಿಂದ ಲೋಕಸಭೆಗೂ ಹೋದರು.

ಅಂಕೋಲೆ ತಾಲೂಕಿನ ಅವರ್ಸಾದ ಸುತ್ತ ಆಗ ಗಡಿಗಳಿಗೆ ಬರವಿರಲಿಲ್ಲ. ಬಡಗಣಕ್ಕೆ ಕಾಳಿ ನದಿ ದಾಟಿ ಮಾಜಾಳಿ ಮುಟ್ಟಿದರೆ ಆಚೆ ಪೋರ್ಚುಗೀಸರ ಗೋವೆ. ಘಟ್ಟ ಹತ್ತಿ ಸಿದ್ದಾಪುರ ದಾಟಿದರೆ ಮೈಸೂರು ಸೀಮೆ. ತೆಂಕಣಕ್ಕೆ ಭಟ್ಕಳ ಕಳೆದರೆ ಮದ್ರಾಸು. ಪೋರ್ಚುಗಲ್ಲಿನ ಸರ್ವಾಧಿಕಾರಿ ಸಾಲಜಾರ್‌ ಕಾಲದ ಗೋವೆಯಲ್ಲಿ ಮದುವೆಯ ಕರೆಯೋಲೆಯನ್ನೂ ಅಚ್ಚಿಗೆ ಮುಂಚೆ ಸೆನ್ಸಾರಿನವರಿಗೆ ತೋರಿಸಬೇಕಿತ್ತು. (ಮುಹೂರ್ತದಲ್ಲಿ ಅವರು ಯಾವ ರಾಜದ್ರೋಹ ಹುಡುಕುತ್ತಿದ್ದರೋ.) 1946ರ ಜೂನ್ 18ರಂದು ಮಡಗಾಂವಿನಲ್ಲಿ ಮಾತಾಡಲು ನಿಂತ ರಾಮಮನೋಹರ ಲೋಹಿಯಾರನ್ನು ಹಿಡಿದು, ಮರುದಿನವೇ ಗಡಿಯತ್ತ ಸಾಗಹಾಕಿದರು. ಗೋವೆಯವರೇ ಆದ ಟಿ.ಬಿ. ಕುನ್ಹಾರನ್ನು ಪೋರ್ಚುಗಲ್ಲಿನ ಕೋಟೆಗೇ ಕಳಿಸಿದರು.

ಆದರೆ ಗಡಿ ಆಳನ್ನು ತಡೆದಷ್ಟು ಸುಲಭವಾಗಿ ದನಿಯನ್ನು ತಡೆಯಲಿಲ್ಲ. ಲಿಬಿಯಾ ಲೋಬೊ ಮತ್ತು ವಾಮನ ಸರದೇಸಾಯಿ 1955ರ ನವೆಂಬರಿನಲ್ಲಿ ಗಡಿಯೀಚೆಯ ಆಂಬೋಲಿಯ ಕಾಡಿನಿಂದ ಗೋವೆಗೆ ರೇಡಿಯೊ ಪ್ರಸಾರ ಶುರುಮಾಡಿದರು, ಕೊಂಕಣಿಯಲ್ಲಿ, ಪೋರ್ಚುಗೀಸಿನಲ್ಲಿ. ಮುಂದೆ ಆ ಯಂತ್ರ ನಮ್ಮ ಜಿಲ್ಲೆಯದೇ ಕ್ಯಾಸಲ್‌ರಾಕ್‌ಗೆ ಬಂತು. 1961ರಲ್ಲಿ ಗೋವೆ ಬಿಡುಗಡೆಯಾಗುವ ತನಕ ಅದು ಮಾತಾಡುತ್ತಲೇ ಇತ್ತು. ಘಟ್ಟದ ಮಳೆಗಾಲದಲ್ಲಿ ಅಡಗಿ ಕೂತು ಸುದ್ದಿ ಓದುವುದೆಂದರೆ ಏನೆಂದು ಆ ಕಡೆಯ ಉಂಬಳ ಕಂಡವರಿಗೆ ಹೇಳಬೇಕಿಲ್ಲ.

ಸ್ವತಂತ್ರ ಭಾರತವೂ ಗಡಿಪಾರನ್ನು ಮನುಷ್ಯರಿಗಷ್ಟೇ ಅಲ್ಲ, ಕಾಗದಕ್ಕೂ ವಿಧಿಸಿತು. ರೋಮೇಶ್ ಥಾಪರ್ ಮುಂಬಯಿಯಿಂದ ‘ಕ್ರಾಸ್ ರೋಡ್ಸ್’ ಎಂಬ ಇಂಗ್ಲಿಷ್ ವಾರಪತ್ರಿಕೆ ತರುತ್ತಿದ್ದರು. 1950ರ ಮಾರ್ಚ್ 1ರಂದು, ಸಂವಿಧಾನಕ್ಕೆ ಇನ್ನೂ ಎರಡು ತಿಂಗಳೂ ತುಂಬಿರದಾಗ, ಮದ್ರಾಸು ಸರಕಾರ ಆ ಪತ್ರಿಕೆ ತನ್ನ ಸೀಮೆಯೊಳಗೆ ಬರಕೂಡದು, ಮಾರಾಟವಾಗಕೂಡದು ಎಂದಿತು. ನಕಾಶೆ ತೆಗೆದು ನೋಡಿ: ಕಾರವಾರ, ಅಂಕೋಲೆ, ಭಟ್ಕಳ ಮುಂಬಯಿ ರಾಜ್ಯದಲ್ಲಿದ್ದವು; ಬೈಂದೂರು, ಕುಂದಾಪುರ, ಮಂಗಳೂರು ಮದ್ರಾಸಿನಲ್ಲಿ. ಅವರ್ಸಾದಲ್ಲಿ ಓದಬಹುದಾದ ಪತ್ರಿಕೆಯನ್ನು ಅದೇ ಕರಾವಳಿಯ ಬೈಂದೂರಿಗೆ ಒಯ್ದರೆ ಅಪರಾಧ. ಅದೇ ಸಮುದ್ರ, ಅದೇ ಕನ್ನಡ. ಮೇ 26ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಮಾಡಿತು. ಓದುಗನನ್ನು ತಲುಪಲು ಬಿಡದೆ ಬರೆಯಲು ಮಾತ್ರ ಬಿಡುವುದು ಸ್ವಾತಂತ್ರ್ಯವಲ್ಲ ಎಂಬುದು ತೀರ್ಪಿನ ತಿರುಳು. ಸರಕಾರಕ್ಕೆ ಇದು ಹಿಡಿಸಲಿಲ್ಲ. ಮರುವರ್ಷವೇ ಮೊದಲ ತಿದ್ದುಪಡಿ ತಂದು ‘ಸಾರ್ವಜನಿಕ ಸುವ್ಯವಸ್ಥೆ’ಯನ್ನು 19ನೇ ವಿಧಿಯೊಳಗೆ ಸೇರಿಸಿದರು.

ಗಡಿಪಾರಾಗುವವರೆಲ್ಲ ದಿನಕರ ದೇಸಾಯಿಗಳಲ್ಲ, ಅದೂ ನಿಜ. 2003ರಲ್ಲಿ ವಿಶ್ವ ಹಿಂದೂ ಪರಿಷತ್ತಿನ ಪ್ರವೀಣ್ ತೊಗಾಡಿಯಾ ಮಂಗಳೂರಿಗೆ ಬರದಂತೆ ಅಧಿಕಾರಿಗಳು ತಡೆದರು. ಹೈಕೋರ್ಟ್ ಆದೇಶ ರದ್ದುಮಾಡಿತು, 2004ರಲ್ಲಿ ಸುಪ್ರೀಂ ಕೋರ್ಟ್ ಅಧಿಕಾರಿಗಳ ಪರ ನಿಂತಿತು. ನನಗೆ ಅವರ ಭಾಷಣಗಳ ಮೇಲೆ ಪ್ರೀತಿಯಿಲ್ಲ. ಆದರೆ ಒಬ್ಬನಿಗೆಂದು ಹೊಲಿದ ಅಂಗಿಯನ್ನು ಮುಂದಿನ ಸರಕಾರ ಇನ್ನೊಬ್ಬನಿಗೆ ತೊಡಿಸುತ್ತದೆ. ಅಂಗಿ ಹೊಲಿಯುವಾಗ ಇದನ್ನು ಯಾರೂ ನೆನೆಯುವುದಿಲ್ಲ.

ಈಗಿನ ಗಡಿಪಾರಿಗೆ ಪೊಲೀಸು ಬೇಡ, ಜೀಪು ಬೇಡ. ಮೊಬೈಲಿನಲ್ಲಿ ಯಾರದೋ ಜಾಲತಾಣದ ಖಾತೆ ತೆರೆದು ನೋಡಿದರೆ, ಕೆಲವೊಮ್ಮೆ ಕಾನೂನಿನ ಬೇಡಿಕೆಯಂತೆ ಇದನ್ನು ಭಾರತದಲ್ಲಿ ತಡೆಹಿಡಿಯಲಾಗಿದೆ ಎಂಬ ಸಾಲು ಕಾಣುತ್ತದೆ. ದುಬೈಯಲ್ಲಿರುವ ಅವರ್ಸಾದ ಹುಡುಗ ಅದನ್ನು ಓದಬಲ್ಲ, ಊರಿನಲ್ಲಿರುವ ಅವನ ಅಣ್ಣ ಓದಲಾರ. ಬರೆದವನು ಮನೆಯಲ್ಲೇ ಇದ್ದಾನೆ, ಬರೆದದ್ದಷ್ಟೇ ಪಾರಾಗಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನ ಇಂಥ ಆದೇಶಗಳನ್ನು ಟ್ವಿಟರ್ ಕಂಪನಿ ಪ್ರಶ್ನಿಸಿದಾಗ, 2023ರ ಜೂನ್ 30ರಂದು ಕರ್ನಾಟಕ ಹೈಕೋರ್ಟ್ ಅರ್ಜಿ ತಳ್ಳಿಹಾಕಿ 50 ಲಕ್ಷ ರೂಪಾಯಿ ದಂಡ ಹಾಕಿತು.

ದಂಡಕ್ಕಿಂತ ನನ್ನನ್ನು ಕಾಡುವುದು ಅದೇ ಕಲಮಿನಡಿ ಬಂದ 2009ರ ನಿಯಮಾವಳಿಯ 16ನೇ ನಿಯಮ. ತಡೆಹಿಡಿಯಲು ಬಂದ ಕೋರಿಕೆ, ದೂರು, ಕೈಗೊಂಡ ಕ್ರಮ ಎಲ್ಲವೂ ಕಟ್ಟುನಿಟ್ಟಾಗಿ ಗೌಪ್ಯವಾಗಿರಬೇಕು ಎನ್ನುತ್ತದೆ ಅದು. ಮದ್ರಾಸು ಸರಕಾರ ತನ್ನ ಆದೇಶವನ್ನು ಫೋರ್ಟ್ ಸೇಂಟ್ ಜಾರ್ಜ್ ಗೆಜೆಟ್ಟಿನಲ್ಲಿ ಎಲ್ಲರೂ ಓದುವಂತೆ ಅಚ್ಚುಹಾಕಿಸಿತ್ತು. ಯಾವ ಕಾಯ್ದೆ, ಯಾವ ಕಲಮು, ಯಾವ ಕಾರಣ ಎಂಬುದೆಲ್ಲ ಅದರಲ್ಲೇ ಇತ್ತು. ಥಾಪರ್ ನೇರ ಸುಪ್ರೀಂ ಕೋರ್ಟಿಗೆ ಹೋಗಿ ಮೂರೇ ತಿಂಗಳಲ್ಲಿ ಗೆದ್ದು ಬರಲು ಆ ಅಚ್ಚಾದ ಹಾಳೆ ಸಾಕಾಯಿತು.